ಮಕ್ಕಳ ಚಿತ್ರಕಥೆಯ ಮೂಲ ಹಾಳೆಗಳು: ಮಾರುವ ಮೊದಲು ಮಾಡಬೇಕಾದದ್ದೇನು?

ಕೌಲ್‌ಬಜಾರ್ ಓದುಗ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಪ್ಪನವರು ಇಲ್ಲಿನ ಒಂದು ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಶಾಲೆಯ ಕೆಲಸದ ಜೊತೆಗೆ, ಎಪ್ಪತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ನಡುಭಾಗದವರೆಗೆ, ಒಂದು ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಚಿತ್ರಕಥೆ (ಕಾಮಿಕ್ಸ್) ಬರೆದುಕೊಟ್ಟರು. ಕಥೆಯೂ ಅವರದೇ, ಚಿತ್ರವೂ ಅವರದೇ, ಮಾತಿನ ಅಕ್ಷರಗಳೂ ಅವರ ಕೈಯವೇ. ಆದರೆ ಪತ್ರಿಕೆಯು ಆ ಪುಟದಲ್ಲಿ ಅವರ ಹೆಸರನ್ನು ಅಚ್ಚು ಹಾಕುತ್ತಿರಲಿಲ್ಲ. ಅವರೂ ಚಿತ್ರದ ಕೆಳಗೆ ಸಹಿ ಮಾಡಿದವರಲ್ಲ.

ಅವರು ತೀರಿಕೊಂಡ ಮೇಲೆ ಅಟ್ಟದ ಟ್ರಂಕಿನಲ್ಲಿ ಆ ಚಿತ್ರಕಥೆಗಳ ಮೂಲ ಹಾಳೆಗಳು ಸಿಕ್ಕಿವೆ. ಅಚ್ಚಾದ ಪುಟಕ್ಕಿಂತ ಹಾಳೆಗಳು ಒಂದೂವರೆ ಪಟ್ಟು ದೊಡ್ಡವು. ದಪ್ಪ ಕಾಗದ, ಕಪ್ಪು ಮಸಿ, ಅಲ್ಲಲ್ಲಿ ತಿಳಿನೀಲಿ ಪೆನ್ಸಿಲ್ಲಿನ ಗೆರೆ, ಕೆಲವೆಡೆ ಬಿಳಿ ಬಣ್ಣದ ತೇಪೆ. ಮಾತುಗಳನ್ನು ಬೇರೆ ಚೀಟಿಯಲ್ಲಿ ಬರೆದು ಅಂಟಿಸಲಾಗಿದೆ, ಅಂಚಿನಲ್ಲಿ ಬೇರೆ ಯಾರದೋ ಕೈಬರಹದ ಲೆಕ್ಕಗಳಿವೆ. ದೀಪಾವಳಿ ಮತ್ತು ಬೇಸಿಗೆ ರಜೆಯ ಸಂಚಿಕೆಗಳಿಗೆ ಬರೆದ ಬಣ್ಣದ ಮುಖಪುಟಗಳೂ ಕೆಲವಿವೆ.

ಬೆಂಗಳೂರಿನಿಂದ ಒಬ್ಬರು ಬಂದು ನೋಡಿಹೋಗಿದ್ದಾರೆ. ಬಣ್ಣದ ಮುಖಪುಟಗಳನ್ನೂ, ಕಪ್ಪು ಮಸಿಯ ಹಾಳೆಗಳಲ್ಲಿ ತಾವು ಆರಿಸಿದ ಕೆಲವನ್ನೂ ಕೊಳ್ಳುವುದಾಗಿ ಹೇಳಿದ್ದಾರೆ. ದೊಡ್ಡವ್ವನವರಿಗೆ ಔಷಧಿಯ ಖರ್ಚಿದೆ, ಮಕ್ಕಳಿಲ್ಲ. ಮನೆಯಲ್ಲಿ ಕೊಡೋಣವೆಂಬುವರೂ ಇದ್ದಾರೆ, ಬೇಡವೆಂಬುವರೂ ಇದ್ದಾರೆ. ಈ ಹಾಳೆಗಳು ಕಾನೂನಿನ ಪ್ರಕಾರ ಯಾರವು, ನಮ್ಮೂರಿನ ಬಿಸಿಲಿನಲ್ಲಿ ಇವನ್ನು ಹೇಗೆ ಇಡಬೇಕು, ಅಂಚಿನ ಗುರುತುಗಳ ಅರ್ಥವೇನು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಹೆಸರಿಲ್ಲದೆ ಇಷ್ಟು ವರ್ಷ ಮಕ್ಕಳಿಗಾಗಿ ದುಡಿದವರ ಕೆಲಸ ನಮ್ಮ ಕೈಯಲ್ಲಿ ಚದುರಿಹೋಗಬಾರದೆಂಬುದು ನನ್ನ ಚಿಂತೆ.

ಹಳೆ ಪ್ರೆಸ್ಸಿನವ, ರಾಯಚೂರು

ಅಂಚಿನ ಗುರುತುಗಳ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ಅಂಥ ಲೆಕ್ಕಗಳನ್ನು ಬರೆಯುವುದೇ ನನ್ನ ಕೆಲಸವಾಗಿತ್ತು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರವನ್ನು ಮೊದಲು ಪ್ರೋಸೆಸ್ ಕ್ಯಾಮೆರಾ ಎಂಬ ಪ್ರೆಸ್ಸಿನ ದೊಡ್ಡ ಕ್ಯಾಮೆರಾದಲ್ಲಿ ಫಿಲ್ಮಿಗೆ ತೆಗೆದು, ಆ ಫಿಲ್ಮಿನಿಂದ ಸತುವಿನ ತಗಡಿನ ಮೇಲೆ ಮೂಡಿಸಿ, ಗೆರೆಯಿಲ್ಲದ ಭಾಗವನ್ನು ನೈಟ್ರಿಕ್ ಆಮ್ಲದಲ್ಲಿ ಕೊರೆಸಿ ಬ್ಲಾಕ್ ಮಾಡುತ್ತಿದ್ದೆವು. ಚಿತ್ರವು ಎಷ್ಟು ಅಗಲಕ್ಕೆ ಇಳಿಯಬೇಕು, ಎಷ್ಟು ಕಾಲಂ ತುಂಬಬೇಕು, ಯಾವ ಸಂಚಿಕೆಗೆ ಹೋಗಬೇಕು ಎಂಬುದನ್ನು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುವುದು ವಾಡಿಕೆ. ಆದ್ದರಿಂದ ಆ ಬರಹವನ್ನು ಕೊಳೆಯೆಂದು ತಿಳಿದು ರಬ್ಬರಿನಿಂದ ಅಳಿಸಬೇಡಿ. ಹೆಸರೂ ದಿನಾಂಕವೂ ಇಲ್ಲದ ಹಾಳೆಗೆ ಅದೊಂದೇ ಜನ್ಮಪತ್ರ.

ದೊಡ್ಡದಾಗಿ ಬರೆಯುವುದಕ್ಕೂ ಕಾರಣವಿದೆ. ಚಿತ್ರವನ್ನು ಕಿರಿದು ಮಾಡಿದಾಗ ಗೆರೆಯ ಸಣ್ಣ ನಡುಕ ಕಾಣದಾಗಿ ಅಂಚು ಚೂಪಾಗುತ್ತದೆ. ಆದರೆ ತೀರ ಸೂಕ್ಷ್ಮವಾದ ಗೆರೆ ಹಾಕಿದರೆ ಕಿರಿದಾದಾಗ ಅದು ಬ್ಲಾಕಿನಲ್ಲಿ ನಿಲ್ಲುವುದೇ ಇಲ್ಲ, ಒತ್ತೊತ್ತಾದ ಗೆರೆಗಳ ನಡುವೆ ಮಸಿ ತುಂಬಿ ಕಲೆಯಾಗುತ್ತದೆ. ನಿಮ್ಮ ದೊಡ್ಡಪ್ಪನವರ ಮೊದಮೊದಲ ಹಾಳೆಗಳಲ್ಲಿ ನೆರಳಿಗೆ ಸಣ್ಣ ಗೆರೆಗಳ ಜಾಲವಿದ್ದು, ಬರಬರುತ್ತ ಅದು ಕಡಿಮೆಯಾಗಿ ದಪ್ಪ ಕಪ್ಪು ತುಂಬುವಿಕೆ ಹೆಚ್ಚಾಗಿದ್ದರೆ, ಅವರು ಪತ್ರಿಕೆಯ ಅಗ್ಗದ ಕಾಗದಕ್ಕೆ ತಕ್ಕಂತೆ ತಮ್ಮ ಕೈಯನ್ನು ತಿದ್ದಿಕೊಂಡರೆಂದು ತಿಳಿಯಬೇಕು. ಅಚ್ಚಾದ ಪುಟಗಳನ್ನಷ್ಟೇ ನೋಡಿದವರಿಗೆ ಈ ಬೆಳವಣಿಗೆ ಕಾಣುವುದಿಲ್ಲ.

ತಿಳಿನೀಲಿ ಪೆನ್ಸಿಲ್ಲನ್ನು ಬಳಸುತ್ತಿದ್ದುದು ನಮ್ಮ ಫಿಲ್ಮಿನ ಗುಣದಿಂದಾಗಿ. ಆ ಫಿಲ್ಮಿಗೆ ತಿಳಿನೀಲಿಯೂ ಬಿಳಿಯೂ ಒಂದೇ ಆಗಿ ಕಾಣುತ್ತದೆ, ಕೆಂಪು ಮಾತ್ರ ಕಪ್ಪಾಗಿ ಬರುತ್ತದೆ. ಹೀಗಾಗಿ ಮೊದಲ ಕರಡನ್ನು ನೀಲಿಯಲ್ಲಿ ಬರೆದರೆ ಅಳಿಸುವ ಕೆಲಸವಿಲ್ಲ. ಬಿಳಿಯ ತೇಪೆಯೂ ಅಷ್ಟೆ: ತಪ್ಪಿದ ಗೆರೆಯನ್ನು ಮುಚ್ಚಿದರೆ ಕ್ಯಾಮೆರಾಕ್ಕೆ ಸಾಕು, ಕಣ್ಣಿಗೆ ಕಂಡರೂ ನಷ್ಟವಿಲ್ಲ. ಕೊಳ್ಳಲು ಬಂದವರು ತೇಪೆಯಿರುವ ಹಾಳೆಗೆ ಬೆಲೆ ಕಡಿಮೆಯೆಂದರೆ ಒಪ್ಪಬೇಡಿ. ಚಿತ್ರಗಾರನು ಎಲ್ಲಿ ತಡೆದು ಯೋಚಿಸಿದನೆಂಬುದು ಆ ತೇಪೆಯ ಕೆಳಗೇ ಇದೆ.

ಇನ್ನೊಂದು ಮಾತು. ಒಳಪುಟದ ಚಿತ್ರಕಥೆಗೆ ಒಂದೆರಡು ಬಣ್ಣ ಹಾಕುತ್ತಿದ್ದರೆ ಅದನ್ನು ಸಾಮಾನ್ಯವಾಗಿ ಪ್ರೆಸ್ಸಿನವರೇ ಬೇರೆ ತಗಡಿನಲ್ಲಿ ಮಾಡಿಕೊಳ್ಳುತ್ತಿದ್ದರು, ಚಿತ್ರಗಾರ ಕೊಡುತ್ತಿದ್ದುದು ಕಪ್ಪು ಹಾಳೆಯನ್ನು ಮಾತ್ರ. ಎಂಬತ್ತರ ದಶಕದಲ್ಲಿ ಪತ್ರಿಕೆಗಳು ಒಂದೊಂದಾಗಿ ಮೊಳೆ, ಬ್ಲಾಕುಗಳಿಲ್ಲದೆ ಅಚ್ಚು ಹಾಕುವ ಆಫ್‌ಸೆಟ್ಟಿಗೆ ಬದಲಾದಾಗ ಈ ಗುರುತುಗಳ ರೀತಿಯೂ ಬದಲಾಯಿತು. ಎರಡೂ ಕಾಲದ ಹಾಳೆಗಳು ನಿಮ್ಮಲ್ಲಿರಬೇಕು. ಅವನ್ನು ಬೆರೆಸದೆ ಇಡಿ.

ವಕೀಲ, ಗಂಗಾವತಿ

ಮೊದಲಿಗೆ ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಕಾಗದದ ಹಾಳೆ ಒಂದು ಸ್ವತ್ತು. ಆ ಚಿತ್ರವನ್ನು ಮತ್ತೆ ಅಚ್ಚು ಹಾಕುವ ಹಕ್ಕು, ಅಂದರೆ ಕೃತಿಸ್ವಾಮ್ಯ, ಇನ್ನೊಂದು ಸ್ವತ್ತು. ಹಾಳೆಯನ್ನು ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಕೈಬಿಟ್ಟುಹೋಗುವುದಿಲ್ಲ, ಏಕೆಂದರೆ 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅಂಥ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಎಣಿಸಲಾಗುತ್ತದೆ.

ನಿಮ್ಮ ದೊಡ್ಡಪ್ಪನವರು ಶಾಲೆಯಲ್ಲಿ ನೌಕರಿಯಲ್ಲಿದ್ದರು, ಪತ್ರಿಕೆಯ ನೌಕರರಾಗಿರಲಿಲ್ಲ. ಇದು ಬಹಳ ಮುಖ್ಯ. 17ನೆಯ ಕಲಮಿನ ಸಾಮಾನ್ಯ ನಿಯಮದಂತೆ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನೇ. ಪತ್ರಿಕೆಯ ನೌಕರಿಯಲ್ಲಿದ್ದು ಬರೆದವನ ವಿಷಯದಲ್ಲಿ ಸಹ, ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಮಾತ್ರ ಹಕ್ಕು ಮಾಲೀಕನಿಗೆ ಸೇರುತ್ತದೆ, ಉಳಿದ ಹಕ್ಕುಗಳು ಬರೆದವನಲ್ಲೇ ಉಳಿಯುತ್ತವೆ. ಹೊರಗಿನಿಂದ ಬರೆದುಕೊಟ್ಟವರ ಸ್ಥಿತಿ ಇದಕ್ಕಿಂತ ಗಟ್ಟಿಯಾದದ್ದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರೆಂದು ಅದೇ ಕಲಮಿನಲ್ಲಿ ಇನ್ನೊಂದು ನಿಯಮವಿದೆ. ಬಣ್ಣದ ಮುಖಪುಟಗಳ ಬಗ್ಗೆ ಪತ್ರಿಕೆಯು ಆ ವಾದವನ್ನು ಎತ್ತಬಹುದು. ಆದ್ದರಿಂದ ಸಂಪಾದಕರ ಪತ್ರಗಳು, ಮನಿಯಾರ್ಡರಿನ ತುಂಡುಚೀಟಿಗಳು, ಸಂಭಾವನೆಯ ರಸೀದಿಗಳು ಟ್ರಂಕಿನಲ್ಲಿದ್ದರೆ ಅವನ್ನು ಹಾಳೆಗಳಷ್ಟೇ ಜೋಪಾನವಾಗಿಡಿ.

ಕೃತಿಸ್ವಾಮ್ಯವು ಸಾಮಾನ್ಯವಾಗಿ ಕಲಾವಿದನು ತೀರಿಕೊಂಡ ಮರುವರ್ಷದ ಆರಂಭದಿಂದ ಅರವತ್ತು ವರ್ಷ ಇರುತ್ತದೆ; ಹೆಸರಿಲ್ಲದೆ ಪ್ರಕಟವಾದ ಕೃತಿಗೆ ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ, ಆದರೆ ಆ ಅವಧಿಯೊಳಗೆ ರಚಿಸಿದವನ ಹೆಸರು ಬಹಿರಂಗವಾದರೆ ಮೊದಲಿನ ಲೆಕ್ಕವೇ ಅನ್ವಯಿಸುತ್ತದೆ. ಮಕ್ಕಳಿಲ್ಲದೆ, ತಾಯಿಯೂ ಇಲ್ಲದೆ, ಉಯಿಲು ಬರೆಯದೆ ಅವರು ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹಾಳೆಗಳೂ ಹಕ್ಕೂ ನಿಮ್ಮ ದೊಡ್ಡವ್ವನವರಿಗೆ ಸೇರುತ್ತವೆ. ಅಣ್ಣತಮ್ಮಂದಿರ ಮಕ್ಕಳು ಸಲಹೆ ಕೊಡಬಹುದು, ತೀರ್ಮಾನ ದೊಡ್ಡವ್ವನವರದು.

ಹೆಸರಿನ ವಿಷಯಕ್ಕೆ ಬರೋಣ. 57ನೆಯ ಕಲಮು ಕೃತಿಯು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ರಚಿಸಿದವನಿಗೆ ಕೊಡುತ್ತದೆ, ಕೃತಿಸ್ವಾಮ್ಯವನ್ನು ಬರೆದುಕೊಟ್ಟ ಮೇಲೂ ಅದು ಉಳಿಯುತ್ತದೆ. 1994ರ ತಿದ್ದುಪಡಿಯಿಂದ ಬಂದ 53ಎ ಕಲಮನ್ನೂ ತಿಳಿದಿರಿ. ಮೂಲ ಚಿತ್ರವು ಹತ್ತು ಸಾವಿರ ರೂಪಾಯಿಗೂ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ, ಮೊದಲ ಒಡೆಯನಾಗಿದ್ದ ಕಲಾವಿದನಿಗೆ ಅಥವಾ ಅವನ ವಾರಸುದಾರರಿಗೆ ಆ ಬೆಲೆಯಲ್ಲಿ ಶೇಕಡ 10ನ್ನು ಮೀರದ ಒಂದು ಪಾಲು ಸಲ್ಲಬೇಕು. ಇಂದು ಕೊಂಡವರು ನಾಳೆ ಹೆಚ್ಚಿನ ಬೆಲೆಗೆ ಮಾರಿದರೆ ಈ ಹಕ್ಕು ಬಳಕೆಗೆ ಬರುತ್ತದೆ, ಆದರೆ ಯಾವ ಹಾಳೆ ಯಾರಿಗೆ ಹೋಯಿತೆಂಬ ದಾಖಲೆಯಿಲ್ಲದೆ ಅದನ್ನು ಕೇಳುವ ದಾರಿಯಿಲ್ಲ.

ಡ್ರಾಯಿಂಗ್ ಮಾಸ್ತರ, ಸಿಂಧನೂರು

ವಕೀಲರು ಹೆಸರಿನ ಹಕ್ಕನ್ನು ನೆನಪಿಸಿದ್ದು ಒಳ್ಳೆಯದಾಯಿತು. ನಮ್ಮ ಮಕ್ಕಳ ಪತ್ರಿಕೆಗಳ ಚರಿತ್ರೆಯಲ್ಲಿ ಪಾತ್ರಗಳ ಹೆಸರು ಉಳಿದಿದೆ, ಬರೆದವರ ಹೆಸರು ಅಷ್ಟಾಗಿ ಉಳಿದಿಲ್ಲ. ಬಾಲಮಂಗಳದ ಡಿಂಗನನ್ನು ಅರಿಯದ ನನ್ನ ವಯಸ್ಸಿನವರು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಕಡಿಮೆ. ಆದರೆ 1983ರಲ್ಲಿ ಮಲಯಾಳದಲ್ಲಿ ಹುಟ್ಟಿದ ಆ ಇಲಿಯ ಕಥೆಯನ್ನು ಎನ್. ಸೋಮಶೇಖರನ್ ಬರೆದರು, ಚಿತ್ರಗಳನ್ನು ಬೇಬಿ ಎಂಬ ಕಲಾವಿದರು ರಚಿಸಿದರು ಎಂಬುದನ್ನು ಎಷ್ಟು ಜನ ಬಲ್ಲರು? ಟಿಂಕಲ್ ಪತ್ರಿಕೆಯ ಸುಪ್ಪಂದಿಗೆ ರೂಪ ಕೊಟ್ಟವರು ರಾಮ್ ವಾಯಿರ್ಕರ್. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ಅಮರ ಚಿತ್ರಕಥೆಯಲ್ಲಿ ಕೃಷ್ಣನ ಕಥೆಗೆ ಚಿತ್ರ ಬರೆದವರೂ ವಾಯಿರ್ಕರ್ ಅವರೇ. ಅವರು ತೀರಿಕೊಂಡ ಮೇಲೆ ಸುಪ್ಪಂದಿಯನ್ನು ಮುಂದುವರಿಸಿದವರು ಅವರ ಮಗಳು. ಅದೇ ಪತ್ರಿಕೆಯ ಬೇಟೆಗಾರ ಶಂಭುವಿನ ಕಣ್ಣು ಮುಚ್ಚುವ ಟೋಪಿಯನ್ನು ಬರೆದವರು ವಸಂತ ಹಲ್ಬೆ.

ಚಂದಮಾಮ ಈ ದೃಷ್ಟಿಯಿಂದ ಸ್ವಲ್ಪ ಬೇರೆಯಾಗಿತ್ತು. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭವಾಗಿ ಮರುವರ್ಷ ಕನ್ನಡಕ್ಕೂ ಬಂದ ಆ ಪತ್ರಿಕೆಯಲ್ಲಿ ಚಿತ್ರಗಾರರು ಸಹಿ ಹಾಕುತ್ತಿದ್ದರು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನೂ, 1952ರಲ್ಲಿ ಸೇರಿ ಬೇತಾಳನನ್ನು ಹೊತ್ತ ವಿಕ್ರಮನನ್ನು ಅಜರಾಮರಗೊಳಿಸಿದ ಶಂಕರ್ ಅವರ ಗೆರೆಗಳನ್ನೂ ನಾವು ಹೆಸರಿನೊಡನೆ ನೆನೆಯಲು ಸಾಧ್ಯವಾಗಿರುವುದು ಆ ಸಹಿಯಿಂದಲೇ. ಶಂಕರ್ ಅವರು 2020ರಲ್ಲಿ ತೀರಿಕೊಂಡರು, ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಬಂತು. ಬ್ರಿಟನ್ನಿನಲ್ಲಿ ಸಹ ಮಕ್ಕಳ ಚಿತ್ರಕಥೆಗೆ ಸಹಿ ಹಾಕುವುದಕ್ಕೆ ಬಹುಕಾಲ ಅವಕಾಶವಿರಲಿಲ್ಲ. ದಿ ಬೀನೋ, ದಿ ಡ್ಯಾಂಡಿ ಪತ್ರಿಕೆಗಳ ಡಡ್ಲಿ ವಾಟ್ಕಿನ್ಸ್ ಅಂಥ ಅವಕಾಶ ಪಡೆದ ಕೆಲವರಲ್ಲೊಬ್ಬರು. 1969ರಲ್ಲಿ ಅವರು ತೀರಿಕೊಂಡಾಗ ಡ್ರಾಯಿಂಗ್ ಬೋರ್ಡಿನ ಮುಂದೆಯೇ ಇದ್ದರು.

ಈ ವೃತ್ತಿಯಲ್ಲಿ ನನಗೆ ಅತ್ಯಂತ ಕಠಿಣವೆನಿಸುವುದು, ಒಂದೇ ಮುಖವನ್ನು ವರ್ಷಗಟ್ಟಲೆ ಅದೇ ಮುಖವಾಗಿ ಬರೆಯುವುದು. ಅಮೆರಿಕದ ಚಾರ್ಲ್ಸ್ ಶುಲ್ಜ್ ತಮ್ಮ ಪೀನಟ್ಸ್ ಚಿತ್ರಕಥೆಯನ್ನು 1950ರಿಂದ 2000ದವರೆಗೆ, 17,897 ಕಂತುಗಳನ್ನು, ಚಿತ್ರಕ್ಕೆ ಸಹಾಯಕರನ್ನು ಇಟ್ಟುಕೊಳ್ಳದೆ ತಾವೇ ಬರೆದರು. ಮಗುವಿನ ಕಣ್ಣು ಬಹಳ ಚುರುಕು. ನಾಯಕನ ಅಂಗಿಯ ಗುಂಡಿ ಈ ವಾರ ಮೂರಿದ್ದು ಮುಂದಿನ ವಾರ ನಾಲ್ಕಾದರೆ ಮಗು ಪತ್ರ ಬರೆದು ಕೇಳುತ್ತದೆ. ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೆಂಬುದು ಇನ್ನೂ ಸರಾಗವಾಗಿ ಓದಲು ಬಾರದ ಮಗುವಿಗೂ ತಿಳಿಯಬೇಕು. ಮೊದಲು ಮಾತಾಡುವವನು ಎಡಕ್ಕಿರಬೇಕು, ಓಡುವವನು ಬಲಕ್ಕೆ ಓಡಬೇಕು, ಪುಟದ ಕೊನೆಯ ಚೌಕಟ್ಟಿನಲ್ಲಿ ಒಂದು ಬಾಗಿಲು ಅರೆತೆರೆದಿರಬೇಕು.

ಇದರ ಮೇಲೆ ಕನ್ನಡದ ಬರವಣಿಗೆಯದೇ ಒಂದು ಸಮಸ್ಯೆಯಿದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತವಿದೆ, ಕೆಳಗೆ ಒತ್ತಿದೆ. ಎರಡು ಸಾಲುಗಳ ನಡುವೆ ಒತ್ತಕ್ಷರ ಇಳಿಯುವಷ್ಟು ಜಾಗ ಬಿಡಬೇಕಾದುದರಿಂದ ಮಾತಿನ ಬಲೂನು ಎತ್ತರವಾಗುತ್ತದೆ, ಬಲೂನು ಎತ್ತರವಾದರೆ ಪಾತ್ರದ ತಲೆ ಕೆಳಗಿಳಿಯುತ್ತದೆ. ಬೇರೆ ಭಾಷೆಯಲ್ಲಿ ರಚಿತವಾಗಿ ಕನ್ನಡಕ್ಕೆ ಬಂದ ಚಿತ್ರಕಥೆಗಳಲ್ಲಿ ಬಲೂನಿನ ಅಳತೆ ಮೊದಲೇ ಗಟ್ಟಿಯಾಗಿರುವುದರಿಂದ ಅಕ್ಷರಗಳು ಇರುಕಿಕೊಂಡು, ಮಕ್ಕಳು ಒತ್ತು ಯಾವ ಸಾಲಿನದೆಂದು ತಡವರಿಸುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ನಿಮ್ಮ ದೊಡ್ಡಪ್ಪನವರು ಮೊದಲಿನಿಂದಲೂ ಕನ್ನಡದಲ್ಲೇ ಯೋಚಿಸಿ ಚೌಕಟ್ಟನ್ನು ಹಾಕಿದವರು. ಮಾತಿನ ಚೀಟಿಗಳನ್ನು ಬೇರೆ ಬರೆದು ಅಂಟಿಸಿದ್ದು ಜಾಗವನ್ನು ಹೊಂದಿಸಿಕೊಳ್ಳಲಿಕ್ಕೇ ಇರಬೇಕು. ಆ ಚೀಟಿಗಳ ಕೆಳಗೆ ಮೊದಲ ಯೋಜನೆಯ ನೀಲಿಗೆರೆ ಇದೆಯೇ, ಬೆಳಕಿಗೆ ಹಿಡಿದು ನೋಡಿ. ಚೀಟಿಯನ್ನು ಮಾತ್ರ ಕೀಳಬೇಡಿ.

ಬಣ್ಣದ ಕೈ, ಕಿನ್ನಾಳ

ಹಿರಿಯರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಭಿನ್ನವಾದ ಮಾತನ್ನು ಹೇಳಬೇಕಾಗಿದೆ. ನಮ್ಮ ಮನೆತನ ಕಟ್ಟಿಗೆಯ ಗೊಂಬೆ ಮಾಡುವುದು. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ಸಂದುಗಳನ್ನು ಮುಚ್ಚಿ, ಬಣ್ಣ ಬಳಿದು ಕೊಡುತ್ತೇವೆ. ಮಾಡಿದ್ದು ಮಾರಾಟವಾದರೆ ಮಾತ್ರ ಮುಂದಿನ ಗೊಂಬೆಗೆ ಕಟ್ಟಿಗೆ ಬರುತ್ತದೆ. ಮಾರುವುದೆಂದರೆ ಕಲೆಗೆ ದ್ರೋಹವೆಂಬ ಧ್ವನಿ ಇಂಥ ಚರ್ಚೆಗಳಲ್ಲಿ ಬೇಗ ಬಂದುಬಿಡುತ್ತದೆ, ಅದರ ಭಾರ ಬೀಳುವುದು ಮಾತ್ರ ಮನೆಯಲ್ಲಿ ಔಷಧಿಯ ಚೀಟಿ ಹಿಡಿದು ಕುಳಿತವರ ಮೇಲೆ.

ಕಲೆ ನಡೆದಾಡುತ್ತಿರಬೇಕು ಎಂದು ನಾನು ನಂಬುತ್ತೇನೆ. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲು ಗೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟಿದ್ದಕ್ಕಲ್ಲ, ತೆರೆಯ ಹಿಂದೆ ಅವನ್ನು ಜೀವಮಾನವಿಡೀ ಆಡಿಸಿದ್ದಕ್ಕೆ. ಟ್ರಂಕಿನಲ್ಲಿರುವ ಹಾಳೆಯನ್ನು ಗೆದ್ದಲು ಓದುತ್ತದೆ, ಮಗು ಓದುವುದಿಲ್ಲ. ಬೆಂಗಳೂರಿನವರು ಗೋಡೆಗೆ ಹಾಕಿ ನಾಲ್ಕು ಜನರಿಗೆ ತೋರಿಸಿದರೆ ತಪ್ಪೇನು? ದೊಡ್ಡವ್ವನವರ ಖರ್ಚಿಗೆ ದಾರಿಯಾಗುವುದನ್ನು ಮೊದಲು ನೋಡಿ, ಆಮೇಲೆ ಉಳಿದದ್ದು.

ಕೌಲ್‌ಬಜಾರ್ ಓದುಗ, ಬಳ್ಳಾರಿ

ಕಿನ್ನಾಳದ ಅಣ್ಣನವರ ಮಾತನ್ನು ದೊಡ್ಡವ್ವನವರಿಗೆ ಓದಿ ಹೇಳಿದೆ. ಅವರಿಗೆ ಅದು ಸರಿಯೆನಿಸಿತು. ಆದರೆ ಅವರೇ ಇನ್ನೊಂದು ಮಾತನ್ನೂ ಹೇಳಿದರು: ಒಂದು ಕಥೆಯ ನಡುವಿನ ಹಾಳೆಯನ್ನು ಯಾರಾದರೂ ತೆಗೆದುಕೊಂಡು ಹೋದರೆ ಕಥೆಯೇ ಹೋದಂತಲ್ಲವೇ ಎಂದು ಕೇಳಿದರು. ಬಂದವರು ಆರಿಸಿದ ಕಪ್ಪು ಹಾಳೆಗಳನ್ನು ಈಗ ಮತ್ತೆ ನೋಡಿದರೆ, ಅವು ಬೇರೆ ಬೇರೆ ಕಥೆಗಳ ಅತ್ಯಂತ ರೋಚಕವಾದ ಕಂತುಗಳು. ಕೋಟೆಯಿಂದ ಹಾರುವುದು, ಪ್ರವಾಹದಲ್ಲಿ ಹರಿಗೋಲು ಮಗುಚುವುದು, ಇಂಥವು. ಅವನ್ನು ಕೊಟ್ಟರೆ ಪ್ರತಿಯೊಂದು ಕಥೆಯಲ್ಲೂ ಒಂದು ತೂತು ಬೀಳುತ್ತದೆ. ರಸೀದಿಗಳ ಕಟ್ಟು ಸಿಕ್ಕಿದೆ. ಹಕ್ಕನ್ನು ಬರೆದುಕೊಟ್ಟ ಪತ್ರ ಯಾವುದೂ ಅದರಲ್ಲಿಲ್ಲ. ಪ್ರೆಸ್ಸಿನ ಹಿರಿಯರು ಊಹಿಸಿದಂತೆಯೇ ಹಳೆಯ ಹಾಳೆಗಳಲ್ಲಿ ಸಣ್ಣ ಗೆರೆಯ ನೆರಳಿದೆ, ನಂತರದವುಗಳಲ್ಲಿ ಕುಂಚದಿಂದ ತುಂಬಿದ ಕಪ್ಪಿದೆ. ಕೆಲವು ಹಾಳೆಗಳಿಗೆ ಪಾರದರ್ಶಕ ಅಂಟುಪಟ್ಟಿ ಹಚ್ಚಿದ್ದು ಹಳದಿಯಾಗಿ ಕಲೆಬಿದ್ದಿದೆ, ಅದನ್ನು ಏನು ಮಾಡಬೇಕು?

ನಿವೃತ್ತ ಗ್ರಂಥಪಾಲಕಿ, ಕೊಪ್ಪಳ

ಅಂಟುಪಟ್ಟಿಯನ್ನು ಮುಟ್ಟಬೇಡಿ. ಒಣಗಿದ ಪಟ್ಟಿಯನ್ನು ಎಳೆದರೆ ಕಾಗದದ ಮೇಲ್ಪದರವೂ ಮಸಿಯೂ ಅದರೊಡನೆ ಬರುತ್ತವೆ. ಅದು ಕಾಗದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರ ಕೆಲಸ. ಮನೆಯಲ್ಲಿ ಮಾಡಬೇಕಾದದ್ದು, ಮತ್ತಷ್ಟು ಹಾಳಾಗದಂತೆ ನೋಡಿಕೊಳ್ಳುವುದು. ಲ್ಯಾಮಿನೇಷನ್ ಮಾಡಿಸುವ ಯೋಚನೆ ಯಾರಿಗಾದರೂ ಬಂದರೆ ಖಂಡಿತ ತಡೆಯಿರಿ. ಬಿಸಿಯಿಂದ ಪ್ಲಾಸ್ಟಿಕ್ ಅಂಟಿದ ಹಾಳೆಯನ್ನು ಮತ್ತೆ ಬಿಡಿಸಲಾಗುವುದಿಲ್ಲ.

ನಮ್ಮ ಕಡೆಯ ಹವೆಗೆ ಎರಡು ಮುಖಗಳಿವೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿ, ಕಾಗದ ಒಣಗಿ, ಆಮ್ಲವಿರುವ ಅಗ್ಗದ ಕಾಗದವು ಬೇಗ ಹಳದಿಯಾಗಿ ಮುರಿಯುವಂತಾಗುತ್ತದೆ. ಮಳೆ ಬಿದ್ದೊಡನೆ ತೇವವನ್ನು ಹೀರಿ ಬಾಗುತ್ತದೆ. ಈ ಏರಿಳಿತವೇ ಅಂಟಿಸಿದ ಚೀಟಿಗಳನ್ನು ಏಳಿಸುತ್ತದೆ. ತಗಡಿನ ಮಾಳಿಗೆಯ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಮನೆಯ ನಡುಕೋಣೆಯಲ್ಲಿ, ಪಶ್ಚಿಮದ ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ ಉಕ್ಕಿನ ಬೀರುವಿನೊಳಗೆ ಹಾಳೆಗಳನ್ನು ಮಲಗಿಸಿಡಿ. ಸುರುಳಿ ಸುತ್ತಬೇಡಿ, ನಿಲ್ಲಿಸಬೇಡಿ. ಎರಡು ಹಾಳೆಗಳ ನಡುವೆ ಆಮ್ಲರಹಿತ ಕಾಗದವನ್ನು ಇಡಿ. ಅಚ್ಚಾದ ಪತ್ರಿಕೆಯ ತುಣುಕುಗಳನ್ನು ಮೂಲದ ಜೊತೆಗೆ ಒಂದೇ ಕಟ್ಟಿನಲ್ಲಿ ಇಡಬಾರದು, ಏಕೆಂದರೆ ಸುದ್ದಿಕಾಗದದ ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡುವುದು ಬೇಡ. ಒಣಗಿದ ಬೇವಿನೆಲೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬೀರುವಿನ ಮೂಲೆಯಲ್ಲಿಡುವ ನಮ್ಮ ಹಿರಿಯರ ಪದ್ಧತಿಯನ್ನು ನಾನು ಮುಂದುವರಿಸಿದ್ದೇನೆ, ಆದರೂ ತಿಂಗಳಿಗೊಮ್ಮೆ ತೆರೆದು ನೋಡುವುದಕ್ಕೆ ಅದು ಬದಲಿಯಲ್ಲ.

ಕಪ್ಪು ಮಸಿ ಇಂಡಿಯನ್ ಇಂಕ್ ಆಗಿದ್ದರೆ ಅದರಲ್ಲಿರುವುದು ಇಂಗಾಲ, ಬೆಳಕಿಗೆ ಮಾಸುವುದಿಲ್ಲ. ಬಣ್ಣದ ಮುಖಪುಟಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಆ ಕಾಲದಲ್ಲಿ ಅನೇಕರು ಪೋಸ್ಟರ್ ಬಣ್ಣದ ಜೊತೆಗೆ ಫೋಟೋಗಳಿಗೆ ಹಚ್ಚುವ ದ್ರವಬಣ್ಣಗಳನ್ನು ಬಳಸುತ್ತಿದ್ದರು. ಅಂಥ ಬಣ್ಣ ಕಿಟಕಿಯ ಬೆಳಕಿನಲ್ಲಿ ಕೆಲವೇ ವರ್ಷಗಳಲ್ಲಿ ಮಾಸುತ್ತದೆ. ಗೋಡೆಗೆ ಹಾಕುವುದಾದರೆ ಒಳ್ಳೆಯ ಪ್ರತಿಯನ್ನು ಹಾಕಿ, ಮೂಲವನ್ನು ಕತ್ತಲೆಯಲ್ಲಿಡಿ. ಕಿನ್ನಾಳದವರಿಗೆ ನನ್ನ ವಿನಂತಿಯೂ ಇದೇ: ಗೊಂಬೆಯನ್ನು ಮತ್ತೆ ಮಾಡಬಹುದು, ಆ ಕೈಗಳು ನಿಮ್ಮಲ್ಲಿವೆ. ಈ ಹಾಳೆಯನ್ನು ಬರೆದ ಕೈ ಈಗಿಲ್ಲ.

ಮಾರುವುದೋ ಬಿಡುವುದೋ, ಅದಕ್ಕೂ ಮೊದಲು ಪಟ್ಟಿ ಆಗಲೇಬೇಕು. ಪ್ರತಿಯೊಂದು ಹಾಳೆಯ ಹಿಂಬದಿಯ ಮೂಲೆಯಲ್ಲಿ ಮೆದು ಪೆನ್ಸಿಲ್ಲಿನಿಂದ ಒಂದು ಸಂಖ್ಯೆ ಬರೆಯಿರಿ, ಬಾಲ್‌ಪೆನ್ನಿನಿಂದ ಬೇಡ. ಆ ಸಂಖ್ಯೆಯ ಮುಂದೆ ಕಥೆಯ ಹೆಸರು, ಕಂತು, ಅಳತೆ, ಅಂಚಿನ ಬರಹ, ಹಾನಿಯ ವಿವರ ಇವನ್ನು ದಾಖಲಿಸಿ. ಅನಂತರ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ), ಕಪ್ಪುಬಿಳುಪಿನ ಹಾಳೆಯನ್ನೂ ಬಣ್ಣದಲ್ಲಿಯೇ ಸ್ಕ್ಯಾನ್ ಮಾಡಿಸಿ. ಇಲ್ಲದಿದ್ದರೆ ನೀಲಿಗೆರೆಯೂ ಬಿಳಿಯ ತೇಪೆಯೂ ಪ್ರತಿಯಲ್ಲಿ ಕಾಣುವುದಿಲ್ಲ. ಅಂಚನ್ನು ಕತ್ತರಿಸದೆ, ಹಿಂಬದಿಯನ್ನೂ ಸೇರಿಸಿ, ಚಿತ್ರದ ಗುಣ ಕುಗ್ಗಿಸದ ಟಿಫ್ ಕಡತದ ರೂಪದಲ್ಲಿ ಉಳಿಸಿ, ಪ್ರತಿಗಳನ್ನು ಬೇರೆ ಬೇರೆ ಮನೆಗಳಲ್ಲಿಡಿ.

ತುಂಗಭದ್ರಾ ತೀರ, ಸಿರುಗುಪ್ಪ

ನಾನು ಹಳೆಯ ಚಿತ್ರಕಥೆಗಳನ್ನು ಕೂಡಿಸುವವನು. ಕೊಳ್ಳುವವರ ಮನಸ್ಸು ಹೇಗೆ ಓಡುತ್ತದೆಂಬುದು ನನಗೆ ಗೊತ್ತು. 2021ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಟಿನ್‌ಟಿನ್ ಕಥೆಯೊಂದಕ್ಕೆ ಎರ್ಜೆಯವರು 1936ರಲ್ಲಿ ರಚಿಸಿದ ಮುಖಪುಟವೊಂದು ಸುಮಾರು 32 ಲಕ್ಷ ಯೂರೋಗೆ ಹರಾಜಾಯಿತು. ಅಚ್ಚಿಗೆ ದುಬಾರಿಯೆಂದು ಆಗ ಕೈಬಿಟ್ಟಿದ್ದ ಆ ಚಿತ್ರ ಪ್ರಕಾಶಕರ ಮನೆಯಲ್ಲಿ ಮಡಚಿಟ್ಟ ಸ್ಥಿತಿಯಲ್ಲಿ ಉಳಿದಿತ್ತು. ಇಂಥ ಸುದ್ದಿಯನ್ನು ಓದಿದವರು ಮುಖಪುಟವೆಂದರೆ ಬೆಲೆ, ರೋಚಕ ಪುಟವೆಂದರೆ ಬೆಲೆ ಎಂದು ಆರಿಸಲು ತೊಡಗುತ್ತಾರೆ. ಹಾಗೆ ಆರಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಲಾವಿದನನ್ನು ಅರಿಯಬೇಕಾದರೆ ನನಗೆ ಬೇಕಾದದ್ದು ಒಂದು ಇಡೀ ಕಥೆ: ಗಡಿಬಿಡಿಯಲ್ಲಿ ಬರೆದ ಕಂತೂ, ಮನಸ್ಸಿಟ್ಟು ಬರೆದ ಕಂತೂ ಒಟ್ಟಿಗೆ.

ಮೂಲ ಹಾಳೆಗಳಿಗಾಗಿ ಹೋರಾಡಿದವರ ಕಥೆಗಳನ್ನು ಹೊರದೇಶಗಳಲ್ಲಿ ಎಲ್ಲರೂ ಬಲ್ಲರು. ಅಮೆರಿಕದ ಜ್ಯಾಕ್ ಕರ್ಬಿ ತಾವು ಬರೆದ ಸಾವಿರಾರು ಹಾಳೆಗಳನ್ನು ಮರಳಿ ಕೇಳಿ, ದೀರ್ಘ ವಿವಾದದ ಬಳಿಕ 1987ರಲ್ಲಿ ಒಂದು ಪಾಲನ್ನಷ್ಟೇ ಪಡೆದರು. ದಿ ಬೀನೋ ಪತ್ರಿಕೆಗೆ ಹಲವು ಪಾತ್ರಗಳನ್ನು ಕೊಟ್ಟ ಲಿಯೊ ಬ್ಯಾಕ್ಸೆಂಡೇಲ್ ತಮ್ಮ ಹಕ್ಕಿಗಾಗಿ ಹೂಡಿದ ದಾವೆಯೂ ಅದೇ ವರ್ಷ ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಕ್ಯಾಲ್ವಿನ್ ಮತ್ತು ಹಾಬ್ಸ್ ರಚಿಸಿದ ಬಿಲ್ ವಾಟರ್ಸನ್ ಅವರ ಮೂಲಗಳು ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ವ್ಯಂಗ್ಯಚಿತ್ರ ಗ್ರಂಥಾಲಯದಲ್ಲಿ ಒಟ್ಟಾಗಿವೆ. ಓದುವವರು ಅಲ್ಲಿಗೆ ಹೋಗಿ ಸಾಲಾಗಿ ನೋಡಬಹುದು. ನಮ್ಮಲ್ಲಿ ಹಾಳೆಗಳು ಮನೆಗೇ ಮರಳಿವೆ, ಅಥವಾ ಮನೆಯಲ್ಲೇ ಉಳಿದಿವೆ. ಅದು ಅಪರೂಪದ ಅದೃಷ್ಟ, ಅದನ್ನು ನಾವೇ ಚೂರು ಮಾಡಬಾರದು.

ಕಿನ್ನಾಳದವರ ಮಾತಿಗೂ ನನ್ನ ಒಪ್ಪಿಗೆಯಿದೆ. ಬಿಡಿಯಾಗಿ ನಿಲ್ಲುವ ಮುಖಪುಟ ಯಾವ ಕಥೆಗೂ ಸೇರದಿದ್ದರೆ ಅದನ್ನು ಮಾರಿದರೆ ಕಥೆ ಒಡೆಯುವುದಿಲ್ಲ. ಹಾಗೆ ಮಾರುವಾಗ ರಸೀದಿಯಲ್ಲಿ ಕಲಾವಿದರ ಹೆಸರು, ಹಾಳೆಯ ಸಂಖ್ಯೆ, ಕೃತಿಸ್ವಾಮ್ಯ ಮಾರಾಟವಾಗಿಲ್ಲವೆಂಬ ವಾಕ್ಯ, ಪ್ರದರ್ಶನಕ್ಕೆ ಕೇಳಿದಾಗ ಎರವಲು ಕೊಡಬೇಕೆಂಬ ವಾಕ್ಯ ಇರಲಿ. ನಾನು ಹೀಗೆ ಬರೆಸಿಕೊಂಡೇ ಕೊಳ್ಳುತ್ತೇನೆ, ಪ್ರಾಮಾಣಿಕನಾದ ಯಾವ ಸಂಗ್ರಾಹಕನೂ ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಬಣ್ಣದ ಕೈ, ಕಿನ್ನಾಳ

ಗ್ರಂಥಪಾಲಕಿ ಅಕ್ಕನವರ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಪಟ್ಟಿ ಮೊದಲು ಆಗಲಿ. ಆದರೆ ಪಟ್ಟಿಯ ಹೆಸರಿನಲ್ಲಿ ವರ್ಷಗಳು ಕಳೆದುಹೋಗಬಾರದು ಎಂಬ ನನ್ನ ಒತ್ತಾಯ ಹಾಗೆಯೇ ಇದೆ. ಮೊದಲು ಬಿಡಿ ಮುಖಪುಟಗಳ ಪಟ್ಟಿಯನ್ನೂ ಸ್ಕ್ಯಾನನ್ನೂ ಮುಗಿಸಿದರೆ ದೊಡ್ಡವ್ವನವರಿಗೆ ಬೇಗ ಅನುಕೂಲವಾಗುತ್ತದೆ. ಕಥೆಗಳ ಹಾಳೆಗಳನ್ನು ನಿಧಾನವಾಗಿ ಮಾಡಬಹುದು.

ಡ್ರಾಯಿಂಗ್ ಮಾಸ್ತರ, ಸಿಂಧನೂರು

ಅಳತೆ ತೆಗೆಯುವುದಕ್ಕೂ ಸಂಖ್ಯೆ ಬರೆಯುವುದಕ್ಕೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರನ್ನು ಕರೆದುಕೊಂಡು ಬಳ್ಳಾರಿಗೆ ಬರುತ್ತೇನೆ. ಚಿತ್ರಕಲೆ ಕಲಿತ ಹುಡುಗರಿಗೆ ನಿಬ್ಬಿನ ಗೆರೆ ಯಾವುದು, ಕುಂಚದ ಗೆರೆ ಯಾವುದು ಎಂದು ಮೂಲದಲ್ಲಿ ತೋರಿಸಿ ಕಲಿಸುವ ಅವಕಾಶ ಮತ್ತೆಲ್ಲಿ ಸಿಗುತ್ತದೆ? ಒಂದು ಇಡೀ ಕಥೆ ಸಿದ್ಧವಾದರೆ, ಅದರ ಪ್ರತಿಗಳನ್ನು ಮೂಲದಷ್ಟೇ ದೊಡ್ಡದಾಗಿ ತೆಗೆಸಿ, ಅಚ್ಚಾದ ಪುಟವನ್ನು ಪಕ್ಕದಲ್ಲಿಟ್ಟು ನಮ್ಮ ಶಾಲೆಯಲ್ಲಿ ಮೊದಲು ಪ್ರದರ್ಶಿಸೋಣ. ಅವರು ಬರೆದದ್ದು ಮಕ್ಕಳಿಗಾಗಿ, ಮೊದಲು ನೋಡಬೇಕಾದವರೂ ಮಕ್ಕಳೇ.

ಕೌಲ್‌ಬಜಾರ್ ಓದುಗ, ಬಳ್ಳಾರಿ

ಎಲ್ಲರ ಮಾತುಗಳನ್ನು ಮನೆಯಲ್ಲಿ ಕುಳಿತು ಚರ್ಚಿಸಿದೆವು. ದೊಡ್ಡವ್ವನವರ ತೀರ್ಮಾನ ಹೀಗಿದೆ. ಕಥೆಗಳ ಹಾಳೆಗಳು ಒಂದೂ ಹೊರಗೆ ಹೋಗುವುದಿಲ್ಲ. ಕಥೆಗೆ ಸೇರದ ಮುಖಪುಟಗಳಲ್ಲಿ ಎರಡನ್ನು, ಸ್ಕ್ಯಾನ್ ಆದ ಮೇಲೆ, ವಕೀಲರು ನೋಡಿಕೊಟ್ಟ ರಸೀದಿಯೊಂದಿಗೆ ಮಾರಲಾಗುವುದು. ಬೆಂಗಳೂರಿನವರಿಗೆ ಈ ಷರತ್ತುಗಳನ್ನು ತಿಳಿಸಿದ್ದೇವೆ. ಹಾಳೆಗಳನ್ನು ಅಟ್ಟದಿಂದ ನಡುಕೋಣೆಯ ಬೀರುವಿಗೆ ಸ್ಥಳಾಂತರಿಸಿದ್ದಾಗಿದೆ. ಸಿಂಧನೂರಿನ ಮಾಸ್ತರರು ಬರುವ ದಿನವನ್ನು ಫೋನಿನಲ್ಲಿ ನಿಶ್ಚಯಿಸಿಕೊಳ್ಳುತ್ತೇವೆ. ಪಟ್ಟಿಯ ಮೊದಲ ಅಂಕಣದಲ್ಲಿ ದೊಡ್ಡಪ್ಪನವರ ಪೂರ್ಣ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯಬೇಕೆಂದು ದೊಡ್ಡವ್ವನವರು ಹೇಳಿದ್ದಾರೆ.

ಒಂದು ಸಹಾಯ ಬೇಕಾಗಿದೆ. ಮೂಲ ಹಾಳೆಗಳಲ್ಲಿ ಕಂತಿನ ಸಂಖ್ಯೆಯಿದ್ದರೂ ಪ್ರಕಟವಾದ ದಿನಾಂಕವಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಶಾಲೆಗಳ ಕಪಾಟುಗಳಲ್ಲಿಯೋ, ತಾಲ್ಲೂಕು ಗ್ರಂಥಾಲಯಗಳಲ್ಲಿಯೋ, ಯಾರದಾದರೂ ಮನೆಯಲ್ಲಿಯೋ ಎಂಬತ್ತರ ದಶಕದ ವಾರಪತ್ರಿಕೆಗಳ ಹೊಲಿದ ಕಟ್ಟುಗಳಿದ್ದರೆ, ಮಕ್ಕಳ ಪುಟವನ್ನು ತೆರೆದು, ಹರಿಗೋಲಿನ ಹುಡುಗನ ಚಿತ್ರಕಥೆ ಕಂಡರೆ ಸಂಚಿಕೆಯ ದಿನಾಂಕವನ್ನೂ ಪುಟಸಂಖ್ಯೆಯನ್ನೂ ಇಲ್ಲಿ ಬರೆಯಿರಿ. ಪುಟವನ್ನು ಕತ್ತರಿಸಬೇಡಿ, ಫೋಟೋ ಸಾಕು. ಆ ಕಥೆಯ 11ನೆಯ ಮತ್ತು 14ನೆಯ ಕಂತುಗಳ ಮೂಲಗಳು ನಮ್ಮಲ್ಲಿಲ್ಲ, ಅವುಗಳ ಅಚ್ಚಿನ ಪ್ರತಿ ಸಿಕ್ಕರೆ ಮೊದಲು ಅದನ್ನೇ ತಿಳಿಸಿ.